ಹಾರುವ ವಿಮಾನದಲ್ಲಿ ಇಂಧನ ಸೋರಿದರೆ

ಇಂಧನ ಸೋರಿಕೆಯನ್ನು ಪೈಲಟ್‌ಗಳು ಪತ್ತೆ ಹಚ್ಚುವುದು ಬಹುಪಾಲು ಕೂಡುವ ಲೆಕ್ಕದಿಂದ. ಎಂಜಿನ್‌ಗಳು ಉರಿಸಿದ್ದು ಮತ್ತು ಟ್ಯಾಂಕುಗಳಲ್ಲಿ ಉಳಿದದ್ದು ಸೇರಿದರೆ ಹೊರಟಾಗ ಇದ್ದಷ್ಟು ಆಗಬೇಕು. ಮೊತ್ತ ಕಡಿಮೆ ಬಂದು, ಆ ಕೊರತೆ ಬೆಳೆಯುತ್ತ ಹೋದರೆ ಸೋರಿಕೆಯನ್ನು ಶಂಕಿಸಲೇಬೇಕು.

ಮೊದಲ ಸುಳಿವು ಇಂಧನದ ಮೀಟರಿನಲ್ಲೇ ಸಿಗಬೇಕೆಂದಿಲ್ಲ. 2001ರ ಆಗಸ್ಟ್ 24ರಂದು ಟೊರೊಂಟೊದಿಂದ ಲಿಸ್ಬನ್‌ಗೆ ಹೊರಟಿದ್ದ ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ 330 ವಿಮಾನದಲ್ಲಿ ಅದು ಕಾಣಿಸಿದ್ದು ಬಲ ಎಂಜಿನ್ನಿನ ಆಯಿಲ್‌ನಲ್ಲಿ. ಆಯಿಲ್ ತಣ್ಣಗಾಗಿತ್ತು, ಅದರ ಒತ್ತಡ ಏರಿತ್ತು. ಇದಕ್ಕೆ ಕಾರಣ ಬಲು ಸೊಗಸಾಗಿದೆ. ಎಂಜಿನ್ನಿನ ಬಿಸಿ ಆಯಿಲ್ ತನ್ನ ಶಾಖವನ್ನು ಒಂದು ಶಾಖವಿನಿಮಯ ಸಾಧನದಲ್ಲಿ ತಣ್ಣನೆಯ ಇಂಧನಕ್ಕೆ ಬಿಟ್ಟುಕೊಡುತ್ತದೆ. ಇಂಧನದ ಕೊಳವೆ ಬಿರಿದದ್ದರಿಂದ ಆ ಸಾಧನದ ಮೂಲಕ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಇಂಧನ ಧಾವಿಸುತ್ತಿತ್ತು. ಕೆಲವು ದಿನಗಳ ಹಿಂದೆ ಎಂಜಿನ್ ಬದಲಿಸುವಾಗ ಹೊಂದದ ಭಾಗ ಜೋಡಿಸಿದ್ದರಿಂದ ಹೈಡ್ರಾಲಿಕ್ ಕೊಳವೆ ಉಜ್ಜಿ ಇಂಧನದ ಕೊಳವೆ ಸೀಳಿತ್ತು.

ಮುಂದೆ ಬಲರೆಕ್ಕೆಯ ಟ್ಯಾಂಕು ಎಡದ್ದಕ್ಕಿಂತ ಬೇಗ ಬರಿದಾಗತೊಡಗಿತು. ರೆಕ್ಕೆಗಳ ತೂಕ ಸಮವಾಗಿಸಲು ಪೈಲಟ್‌ಗಳು ಒಂದು ಬದಿಯ ಟ್ಯಾಂಕಿನ ಇಂಧನವನ್ನು ಇನ್ನೊಂದು ಬದಿಯ ಎಂಜಿನ್ನಿಗೂ ಒದಗಿಸುವ ಕ್ರಾಸ್‌ಫೀಡ್ ವಾಲ್ವ್ ತೆರೆದರು. ಸಾಮಾನ್ಯ ದಿನಗಳಲ್ಲಿ ಅದೇ ಸರಿಯಾದ ಕ್ರಮ. ಇಲ್ಲಿ ಮಾತ್ರ ಅದು ಅತ್ಯಂತ ಅಪಾಯಕಾರಿ: ಎಡ ಟ್ಯಾಂಕಿನ ಒಳ್ಳೆಯ ಇಂಧನವೂ ಬಲ ಎಂಜಿನ್ನಿನ ಬಿರುಕಿನಿಂದ ಹೊರಗೆ ಹರಿಯಿತು. ಬಲ ಎಂಜಿನ್ ನಿಂತ 13 ನಿಮಿಷಕ್ಕೆ ಎಡ ಎಂಜಿನ್ನೂ ನಿಂತಿತು.

ಎಂಜಿನ್ ನಿಂತ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬುದು ಶುದ್ಧ ಮೂಢನಂಬಿಕೆ. ಎತ್ತರವೇ ಆಗ ಅದರ ಬಂಡವಾಳ. ಕ್ಯಾಪ್ಟನ್ ರಾಬರ್ಟ್ ಪಿಶೆ ಮತ್ತು ಸಹಪೈಲಟ್ ಡರ್ಕ್ ಡಿಯಾಗರ್ ಸುಮಾರು 120 ಕಿಲೋಮೀಟರ್ ದೂರವನ್ನು, ಅಂದರೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವಷ್ಟನ್ನು, 19 ನಿಮಿಷ ತೇಲಿಸಿಕೊಂಡೇ ಕ್ರಮಿಸಿ, ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಲಾಜೆಸ್ ನಿಲ್ದಾಣದಲ್ಲಿ ಇಳಿಸಿದರು. ವಿಮಾನದಲ್ಲಿದ್ದ 306 ಮಂದಿಯೂ ಬದುಕುಳಿದರು. ಅಂಥ ಕೈಚಳಕ ಅಪರೂಪದ್ದು.

ಆದ್ದರಿಂದ ಸೋರಿಕೆಯ ಶಂಕೆ ಇರುವಾಗ ಕ್ರಾಸ್‌ಫೀಡ್ ಮುಚ್ಚಿಯೇ ಇರಬೇಕು. ಸೋರಿಕೆ ಇಲ್ಲವೆಂದು ಖಾತ್ರಿಯಾಗುವ ತನಕ ತೂಕ ಸಮ ಮಾಡುವಂತಿಲ್ಲ. ಕ್ಯಾಬಿನ್ ಸಿಬ್ಬಂದಿ ಕಿಟಕಿಯಿಂದ ರೆಕ್ಕೆಯ ಹಿಂಬದಿಯಲ್ಲಿ ತುಂತುರು ಕಾಣುತ್ತದೆಯೇ ನೋಡುತ್ತಾರೆ, ಕತ್ತಲಲ್ಲಿ ಇದು ಕಷ್ಟ. ಸೋರಿಕೆ ಎಂಜಿನ್ನಿನದ್ದೇ ಎಂದು ತಿಳಿದರೆ ಆ ಎಂಜಿನ್ನನ್ನು ನಿಲ್ಲಿಸುತ್ತಾರೆ. ಆಗ ಅದಕ್ಕೆ ಇಂಧನ ಹೋಗುವ ವಾಲ್ವೂ ಮುಚ್ಚಿ ಸೋರಿಕೆ ನಿಲ್ಲುತ್ತದೆ. ಬಳಿಕ ಹತ್ತಿರದ ಸೂಕ್ತ ನಿಲ್ದಾಣದತ್ತ ತಿರುಗುತ್ತಾರೆ. ಇಳಿದ ಮೇಲೂ ಏರ್‌ಬಸ್ ಪೈಲಟ್‌ಗಳು ಎಂಜಿನ್ನಿನ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸ್ ಥ್ರಸ್ಟ್ ಬಳಸುವಂತಿಲ್ಲ, ಚೆಲ್ಲಿದ ಇಂಧನಕ್ಕೆ ಬೆಂಕಿ ತಗುಲಬಹುದು.