ಅಧ್ಯಾಯ 6: ಆರೈಕೆ ಮನೆಯನ್ನು ಅಳೆಯುವುದು ಹೇಗೆ?

ಅಮೆರಿಕದಲ್ಲಿ ತಾಯಿಯನ್ನು ನರ್ಸಿಂಗ್ ಹೋಮಿಗೆ ಸೇರಿಸಬೇಕಾಗಿ ಬಂದ ಮಗಳು ಮೊದಲು ಸರ್ಕಾರ ಕೊಟ್ಟ ನಕ್ಷತ್ರಗಳನ್ನು ಎಣಿಸುತ್ತಾಳೆ. ತಪಾಸಣೆಯ ವರದಿ, ಸಿಬ್ಬಂದಿಯ ಸಂಖ್ಯೆ, ನಿವಾಸಿಗಳ ಆರೋಗ್ಯ ಈ ಮೂರನ್ನೂ ತೂಗಿ ಒಂದರಿಂದ ಐದು ನಕ್ಷತ್ರ ಕೊಡುವ ಪದ್ಧತಿ ಅಲ್ಲಿ 2008ರ ಕೊನೆಯಿಂದ ನಡೆದುಬಂದಿದೆ. ಇಂಗ್ಲೆಂಡಿನಲ್ಲಿ ಆರೈಕೆ ಗುಣಮಟ್ಟ ಆಯೋಗವು ಇಂಥ ಮನೆಗಳಿಗೆ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಕೊಟ್ಟ ದರ್ಜೆಯನ್ನು ಬಂದವರಿಗೆ ಕಾಣುವಂತೆ ಹಾಕಲೇಬೇಕು.

ನಮ್ಮಲ್ಲಿ ಅಂಥ ಫಲಕವಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಆರೈಕೆ ಮನೆಗಳು ಹೆಚ್ಚುತ್ತಿವೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ವಿಂಗಡಿಸಿ ಹೇಳುವ ಸರ್ಕಾರಿ ಪಟ್ಟಿ ಮಾತ್ರ ಇಲ್ಲ. ಆದ್ದರಿಂದ ತಪಾಸಣೆಯ ಕೆಲಸ ಮನೆಯವರ ಹೆಗಲಿಗೇ ಬೀಳುತ್ತದೆ. ಗ್ರಾನೈಟ್ ನೆಲ, ಕೈತೋಟ, ದೇವರ ಮನೆ ನೋಡಿ ಒಪ್ಪಿಕೊಂಡು ಬರುವವರೇ ಹೆಚ್ಚು. ತೋಟದಲ್ಲಿ ಅಡ್ಡಾಡುವ ಅಜ್ಜನನ್ನು ಯಾವ ಮನೆಯೂ ಚೆನ್ನಾಗಿಯೇ ನೋಡಿಕೊಂಡೀತು. ಅಲ್ಲಿರುವವರ ಪೈಕಿ ಅತ್ಯಂತ ಅಸಹಾಯಕರು ಯಾರೋ, ಅವರ ದಿನ ಹೇಗೆ ಕಳೆಯುತ್ತದೆ ಎಂಬುದರಿಂದ ಮನೆಯನ್ನು ಅಳೆಯಬೇಕು. ಇಂದು ಕೋಲೂರಿಕೊಂಡು ಸೇರುವ ನಿಮ್ಮ ತಂದೆ ಮೂರು ವರ್ಷದ ನಂತರ ಅವರಂತೆಯೇ ಹಾಸಿಗೆ ಹಿಡಿದಿರಬಹುದು.

ಮೊದಲು ಅಗತ್ಯದ ಪಟ್ಟಿ

ಮನೆ ಹುಡುಕುವ ಮೊದಲು ಹಿರಿಯರಿಗೆ ಏನು ಬೇಕೆಂದು ಬರೆದುಕೊಳ್ಳಿ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಆರು ಅಂಶಗಳ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಉಣ್ಣುವುದು. ಆರರಲ್ಲಿ ಎಷ್ಟನ್ನು ಅವರೇ ಮಾಡಿಕೊಳ್ಳುತ್ತಾರೆ, ಎಷ್ಟಕ್ಕೆ ಒಬ್ಬರ ಕೈ ಬೇಕು ಎಂದು ಗುರುತು ಹಾಕಿ. ಮರೆವಿನ ಕಾಯಿಲೆ, ಸಕ್ಕರೆ ಕಾಯಿಲೆ, ಮೂಗಿನ ನಳಿಕೆ, ಮೂತ್ರದ ಕೆಥೆಟರ್ ಇದ್ದರೆ ಅದನ್ನೂ ಸೇರಿಸಿ.

ಯಾವ ಬಗೆಯ ಮನೆ ಬೇಕೆಂಬುದನ್ನು ಈ ಪಟ್ಟಿಯೇ ತಿಳಿಸುತ್ತದೆ. ಅನೇಕ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಅಸಿಸ್ಟೆಡ್ ಲಿವಿಂಗ್ ಎನ್ನುವ ಕಡೆ ಸ್ನಾನ, ಔಷಧಿಗೆ ನೆರವಿರುತ್ತದೆ. ಹಾಸಿಗೆ ಹಿಡಿದವರಿಗೆ ಇಪ್ಪತ್ನಾಲ್ಕು ಗಂಟೆಯೂ ದಾದಿಯರಿರುವ ಶುಶ್ರೂಷಾ ಕೇಂದ್ರವೇ ಆಗಬೇಕು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ನೋವು ತಣಿಸುವ ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ಗಳದ್ದು ಬೇರೆಯೇ ಕೆಲಸ. ಎಲ್ಲಿಗೇ ಹೋದರೂ ಒಂದು ಪ್ರಶ್ನೆ ಬಿಡಬೇಡಿ: “ಇವರು ಹಾಸಿಗೆ ಹಿಡಿದರೆ ನೀವೇ ಇಟ್ಟುಕೊಳ್ಳುತ್ತೀರೋ, ಕರೆದುಕೊಂಡು ಹೋಗಿ ಎನ್ನುತ್ತೀರೋ?”

ರಾತ್ರಿ ಪಾಳಿಯ ಲೆಕ್ಕ

ಎಷ್ಟು ಸಿಬ್ಬಂದಿ ಇದ್ದಾರೆ ಎಂದು ಕೇಳಿದರೆ ಅಡುಗೆಯವರು, ಕಾವಲುಗಾರ, ಕಚೇರಿಯವರು ಎಲ್ಲರನ್ನೂ ಸೇರಿಸಿದ ದೊಡ್ಡ ಸಂಖ್ಯೆ ಸಿಗುತ್ತದೆ. ಕೇಳಬೇಕಾದದ್ದು ಬೇರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಎಷ್ಟು ಮಂದಿ? ಅವರಲ್ಲಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿದ ನರ್ಸ್ ಎಷ್ಟು, ಸಹಾಯಕರು ಎಷ್ಟು?

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯಲ್ಲಿ ರೂಢಿಯಾದ ನಿಯಮ. ಒಂದು ಮನೆಯಲ್ಲಿ ಅಂಥವರು ಹನ್ನೆರಡು ಮಂದಿ ಇದ್ದಾರೆನ್ನಿ. ಮಗ್ಗುಲು ಬದಲಿಸಿ, ಒದ್ದೆಯಾದ ಡೈಪರ್ ತೆಗೆದು, ಚರ್ಮ ಒರೆಸಿ ಒಣಗಿಸಲು ಒಬ್ಬರಿಗೆ ಹತ್ತು ನಿಮಿಷ ಹಿಡಿದರೆ ಒಟ್ಟು ನೂರಿಪ್ಪತ್ತು ನಿಮಿಷ. ಒಂದು ಸುತ್ತು ಮುಗಿಯುವಾಗ ಎರಡು ಗಂಟೆ ಕಳೆದಿರುತ್ತದೆ, ಮುಂದಿನ ಸುತ್ತು ಶುರು ಮಾಡಬೇಕು. ಈ ನಡುವೆ ಯಾರಾದರೂ ಶೌಚಕ್ಕೆಂದು ಕರೆದರೆ, ಮತ್ತೊಬ್ಬರಿಗೆ ಎದೆನೋವು ಬಂದರೆ ಹೋಗಲು ಕೈ ಬಿಡುವಿಲ್ಲ. ಭಾರವಾದ ದೇಹವನ್ನು ಎಳೆದಾಡದೆ ಹೊರಳಿಸಲು ಇಬ್ಬರು ಬೇಕು ಎಂಬುದನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ. ಆದ್ದರಿಂದ ಹನ್ನೆರಡು ಮಂದಿಗೆ ರಾತ್ರಿ ಒಬ್ಬರೇ ಇದ್ದಾರೆಂದರೆ ಅಲ್ಲಿ ಮಗ್ಗುಲು ಬದಲಾಗುತ್ತಿಲ್ಲ. ಮಗ್ಗುಲು ಬದಲಿಸಿದ್ದನ್ನು ದಾಖಲಿಸುವ ಪಟ್ಟಿಯಲ್ಲಿ ಗುರುತು ಮಾತ್ರ ಬೀಳುತ್ತಿರುತ್ತದೆ.

ಸಹಾಯಕರು ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನೂ ವಿಚಾರಿಸಿ. ಮೂರು ತಿಂಗಳಿಗೊಮ್ಮೆ ಮುಖಗಳು ಬದಲಾಗುವ ಕಡೆ ಅಜ್ಜಿಯ ಎಡಭುಜ ನೋಯುತ್ತದೆ ಎಂಬ ಸಣ್ಣ ತಿಳಿವಳಿಕೆ ಯಾರಲ್ಲೂ ಉಳಿಯುವುದಿಲ್ಲ.

ಚರ್ಮ, ತೂಕ, ಊಟ

ಓಡಾಡಲಾಗದವರ ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಎಲುಬಿನ ಮೇಲೆ ಒತ್ತಡ ಬಿದ್ದು ರಕ್ತಸಂಚಾರ ನಿಂತರೆ ಹಾಸಿಗೆ ಹುಣ್ಣಾಗುತ್ತದೆ. ಶುರುವಿನಲ್ಲಿ ಕಾಣುವುದು ಬೆರಳಿಂದ ಒತ್ತಿದರೂ ಮಾಸದ ಕೆಂಪು. ನಮ್ಮಂಥ ಕಂದು ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಾಣದು. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಗಾಳಿ ಹಾಸಿಗೆ ಒತ್ತಡವನ್ನು ತಗ್ಗಿಸುತ್ತದೆ, ಆದರೆ ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ.

ಬೇರೆಯವರ ಮೈಯನ್ನು ನೀವು ಪರೀಕ್ಷಿಸುವಂತಿಲ್ಲ. ತಮ್ಮ ಶುಚಿತನ ತೋರಿಸಲೆಂದು ಯಾವುದೋ ಅಜ್ಜಿಯ ಹೊದಿಕೆ ಸರಿಸಿ ತೋರಿಸುವ ಮನೆ ಆ ಕ್ಷಣದಲ್ಲೇ ಸೋತಿದೆ; ನಾಳೆ ನಿಮ್ಮ ತಾಯಿಯನ್ನೂ ಹಾಗೆಯೇ ತೋರಿಸುತ್ತಾರೆ. ಅದರ ಬದಲು ಸಂಖ್ಯೆ ಕೇಳಿ: ಈಗ ಎಷ್ಟು ಮಂದಿಗೆ ಹಾಸಿಗೆ ಹುಣ್ಣಿದೆ, ಅದರಲ್ಲಿ ಆಸ್ಪತ್ರೆಯಿಂದ ಬರುವಾಗಲೇ ಇದ್ದದ್ದೆಷ್ಟು, ಇಲ್ಲಿಗೆ ಬಂದ ಮೇಲೆ ಆದದ್ದೆಷ್ಟು? ಈ ವ್ಯತ್ಯಾಸವನ್ನು ಥಟ್ಟನೆ ಹೇಳಬಲ್ಲ ಮೇಲ್ವಿಚಾರಕಿ ಹುಣ್ಣಿನ ಮೇಲೆ ಕಣ್ಣಿಟ್ಟಿದ್ದಾಳೆ ಎಂದರ್ಥ.

ಹೊರಗಿನಿಂದಲೇ ಕಾಣುವ ಗುರುತುಗಳೂ ಇವೆ. ಉಗುರು ಕತ್ತರಿಸಿದೆಯೇ, ತುಟಿ ಒಡೆದಿದೆಯೇ, ಕನ್ನಡಕ ಮತ್ತು ಶ್ರವಣಯಂತ್ರ ಅವರವರ ಬಳಿಯೇ ಇವೆಯೇ, ಹಲ್ಲಿನ ಸೆಟ್ಟು ಬಾಯಲ್ಲಿದೆಯೋ ಡಬ್ಬಿಯಲ್ಲಿದೆಯೋ? ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದರೆ ಯಾರದೋ ಡೈಪರ್ ಈಗಷ್ಟೇ ಒದ್ದೆಯಾಗಿರಬಹುದು. ಪಡಸಾಲೆಯ ತುಂಬ ಅದೇ ವಾಸನೆ, ಅದರ ಮೇಲೆ ಫಿನಾಯಿಲ್ ಘಾಟು ಇದ್ದರೆ ಕೆಲಸ ಕೈಮೀರಿದೆ.

ಊಟದ ಹೊತ್ತಿಗೆ ಹೋದರೆ ಇನ್ನೂ ಹೆಚ್ಚು ತಿಳಿಯುತ್ತದೆ. ನುಂಗಲು ಕಷ್ಟಪಡುವವರಿಗೆ ಉಣಿಸಲು ತಾಳ್ಮೆ ಬೇಕು. ನೆಟ್ಟಗೆ ಕೂರಿಸಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಒರಗಿ ಕೂರಿಸಬೇಕು. ಮಲಗಿಸಿಕೊಂಡೇ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಬರಬಹುದು. ತಟ್ಟೆಯನ್ನು ಮುಂದಿಟ್ಟು, ಅರ್ಧ ಗಂಟೆಯ ನಂತರ ಬಂದು “ತಿನ್ನಲಿಲ್ಲ” ಎಂದು ಎತ್ತಿಕೊಂಡು ಹೋಗುವುದನ್ನು ಕಂಡರೆ ಗಮನದಲ್ಲಿಡಿ. ಪ್ರತಿ ತಿಂಗಳೂ ತೂಕ ನೋಡಿ ಬರೆದಿಡುತ್ತಾರೆಯೇ ಎಂದು ಕೇಳಿ. ಒಂದು ತಿಂಗಳಲ್ಲಿ ತೂಕ ಶೇ 5ರಷ್ಟು ಇಳಿದರೆ, ಎಂದರೆ 50 ಕೆಜಿ ಇದ್ದವರು ಎರಡೂವರೆ ಕೆಜಿ ಕಳೆದುಕೊಂಡರೆ, ವೈದ್ಯರು ಕಾರಣ ಹುಡುಕಲೇಬೇಕು.

ಮರೆವು ಇದ್ದವರಿಗೆ

ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಇಂಥವರು ಸಂಜೆಯಾಗುತ್ತಲೇ ಚಡಪಡಿಸುತ್ತಾರೆ, ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ. ಆಗ ನೀವೇನು ಮಾಡುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಿವಿಗೊಡಿ. ಜತೆಗೆ ನಡೆಯುತ್ತೇವೆ, ಹಸಿವೋ ನೋವೋ ಎಂದು ನೋಡುತ್ತೇವೆ, ಹಾಡು ಹಾಕುತ್ತೇವೆ ಎನ್ನುವವರು ಕಾಯಿಲೆ ಬಲ್ಲವರು. “ಮಾತ್ರೆ ಕೊಟ್ಟರೆ ಮಲಗುತ್ತಾರೆ” ಎಂದರೆ ಎಚ್ಚರಗೊಳ್ಳಿ. ಡಿಮೆನ್ಷಿಯಾ ಇರುವ ವೃದ್ಧರಿಗೆ ಮನೋವಿಕಾರ ಶಮನಕ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ಆಡಳಿತ 2005ರಲ್ಲೇ ಕಟುವಾದ ಎಚ್ಚರಿಕೆ ಹೊರಡಿಸಿದೆ. ಅಂಥ ಮಾತ್ರೆ ಬೇಕೇ ಆದರೂ ವೈದ್ಯರ ಚೀಟಿ, ಕಾರಣ, ನಿಲ್ಲಿಸುವ ದಿನ ಬರಹದಲ್ಲಿರಬೇಕು. ಕುರ್ಚಿಗೋ ಮಂಚಕ್ಕೋ ಕಟ್ಟಿಹಾಕುವುದೂ ಇದೇ ಜಾತಿಯದು.

ಭಾಷೆಯೂ ಆರೈಕೆಯ ಭಾಗವೇ. ಬೆಂಗಳೂರಿನ ಆರೈಕೆ ಮನೆಗಳಲ್ಲಿ ಈಶಾನ್ಯ ರಾಜ್ಯಗಳು, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗ ಹುಡುಗಿಯರು ದುಡಿಯುತ್ತಾರೆ. ಅವರ ಶ್ರದ್ಧೆಗೆ ಕೊರತೆಯಿಲ್ಲದಿರಬಹುದು. ಆದರೆ ಮರೆವು ಬೆಳೆದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ, ಹುಟ್ಟಿನ ಮಾತು ಉಳಿಯುವುದುಂಟು. “ಉಚ್ಚೆ ಬತ್ತದೆ” ಎನ್ನುವ ಅಜ್ಜಿಯ ಮಾತು ತಿಳಿಯದಿದ್ದರೆ ಹಾಸಿಗೆ ಒದ್ದೆಯಾಗುತ್ತದೆ, ಅವರಿಗೆ ಹಿಡಿತವಿಲ್ಲವೆಂದು ದಾಖಲಾಗುತ್ತದೆ, ಡೈಪರ್ ಬರುತ್ತದೆ. ಪ್ರತಿ ಪಾಳಿಯಲ್ಲೂ ಕನ್ನಡವೋ ತುಳುವೋ ಕೊಂಕಣಿಯೋ, ನಿಮ್ಮವರ ಮಾತು ಬಲ್ಲ ಒಬ್ಬರಾದರೂ ಇದ್ದಾರೆಯೇ ನೋಡಿ.

ಕಟ್ಟಡ ಮತ್ತು ತುರ್ತು

ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಹೊಸ್ತಿಲಿಲ್ಲದ ಬಾಗಿಲು, ರಾತ್ರಿ ದೀಪ, ಕುಳಿತರೆ ಪಾದ ನೆಲಕ್ಕೆ ತಾಗುವ ಎತ್ತರದ ಮಂಚ ಇರಬೇಕು. ನಡೆಯಲಾಗದವರನ್ನು ಮೇಲಿನ ಮಹಡಿಯಲ್ಲಿಟ್ಟಿದ್ದರೆ ಬೆಂಕಿ ಬಿದ್ದಾಗ ಹೇಗೆ ಇಳಿಸುತ್ತೀರೆಂದು ಕೇಳಿ. ವೈದ್ಯರು ವಾರಕ್ಕೆಷ್ಟು ಸಲ ಬರುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಅಲ್ಲಿ ಜತೆಗೆ ಯಾರು ಕೂರುತ್ತಾರೆ ಎಂಬುದು ಸ್ಪಷ್ಟವಾಗಲಿ. “ನಮ್ಮಲ್ಲಿ ಇದುವರೆಗೆ ಯಾರೂ ಬಿದ್ದಿಲ್ಲ” ಎಂಬ ಮಾತನ್ನು ಹೆಗ್ಗಳಿಕೆಯೆಂದು ತಿಳಿಯಬೇಡಿ. ಮುಪ್ಪಿನಲ್ಲಿ ನಡೆಯುವವರು ಬೀಳುತ್ತಾರೆ. ಯಾರೂ ಬಿದ್ದಿಲ್ಲವೆಂದರೆ ಬಿದ್ದದ್ದನ್ನು ಬರೆದಿಟ್ಟಿಲ್ಲ, ಇಲ್ಲವೇ ಯಾರನ್ನೂ ನಡೆಯಲು ಬಿಟ್ಟಿಲ್ಲ.

ಕಾಗದ ಮತ್ತು ದುಡ್ಡು

ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ನರ್ಸಿಂಗ್ ಆರೈಕೆ ಕೊಡುತ್ತೇವೆನ್ನುವವರಿಂದ ಆ ನೋಂದಣಿ ಪತ್ರ ಕೇಳಿ. ಕರಾರನ್ನು ಸಹಿಯ ದಿನ ಓದದೆ ಮನೆಗೆ ತಂದು ಓದಿ. ಮುಂಗಡ ಎಷ್ಟು, ಅದರಲ್ಲಿ ವಾಪಸು ಬರುವುದೆಷ್ಟು? ಡೈಪರ್, ಫಿಸಿಯೋಥೆರಪಿ, ಔಷಧಿ, ಆಂಬುಲೆನ್ಸ್ ತಿಂಗಳ ಶುಲ್ಕದಲ್ಲಿ ಸೇರಿವೆಯೇ? ಹಾಸಿಗೆ ಹಿಡಿದ ಮೇಲೆ ಶುಲ್ಕ ಎಷ್ಟಾಗುತ್ತದೆ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಕಟ್ಟಬೇಕೇ? ಹಿರಿಯರ ಆಸ್ತಿ, ಬ್ಯಾಂಕ್ ಖಾತೆ, ಎಟಿಎಂ ಕಾರ್ಡಿಗೆ ಸಂಬಂಧಿಸಿದ ಒಂದು ಸಾಲೂ ಕರಾರಿನಲ್ಲಿ ಇರಕೂಡದು.

ಸಾಧ್ಯವಿದ್ದರೆ ಎರಡು ಮೂರು ವಾರಗಳ ತಾತ್ಕಾಲಿಕ ವಾಸದಿಂದ ಶುರು ಮಾಡಿ. ಎಲ್ಲಕ್ಕಿಂತ ಮೊದಲು ಹಿರಿಯರನ್ನೇ ಕೇಳಿ, ಕರೆದೊಯ್ದು ತೋರಿಸಿ.

ಸೇರಿಸಿದ ಮೇಲೆ

ಅಳತೆ ಸೇರಿಸಿದ ದಿನಕ್ಕೆ ಮುಗಿಯುವುದಿಲ್ಲ. ಆಗಾಗ, ಹೇಳದೆ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಭಾನುವಾರ ಸಂಜೆ ಸಿಬ್ಬಂದಿ ಕಡಿಮೆ ಇರುವ ಹೊತ್ತು ಒಳ್ಳೆಯದು. ಮಕ್ಕಳು ಡಲ್ಲಾಸಿನಲ್ಲೋ ದುಬೈಯಲ್ಲೋ ಇದ್ದರೆ ವಿಡಿಯೋ ಕರೆ ಸಾಲದು. ಆ ಕರೆಗೆ ಮುನ್ನ ತಲೆ ಬಾಚಿ ಕೂರಿಸಿರುತ್ತಾರೆ, ಬೆನ್ನಿನ ಹುಣ್ಣು ಪರದೆಯಲ್ಲಿ ಕಾಣದು. ಊರಲ್ಲಿರುವ ನಂಟರಿಗೋ ಸ್ನೇಹಿತರಿಗೋ ತಿಂಗಳಿಗೊಮ್ಮೆ ಹೋಗಿ ತೂಕದ ನಕ್ಷೆ, ಔಷಧಿ ಚೀಟಿ, ಹಿಮ್ಮಡಿ ನೋಡಿಬರಲು ಅಧಿಕಾರ ಕೊಡಿ, ಅವರ ಹೆಸರನ್ನು ಕರಾರಿನಲ್ಲೇ ಬರೆಸಿ.

ದೂರಿದ್ದರೆ ಮೊದಲು ಮೇಲ್ವಿಚಾರಕರಿಗೆ ಬರಹದಲ್ಲಿ ಕೊಡಿ. ಸರಿಹೋಗದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ, ದುಡ್ಡಿನ ವ್ಯಾಜ್ಯಕ್ಕೆ ಜಿಲ್ಲಾ ಗ್ರಾಹಕ ಆಯೋಗ ಇವೆ. ಮನೆ ಬದಲಿಸುವುದು ವೃದ್ಧರಿಗೆ ದೊಡ್ಡ ಪೆಟ್ಟು. ಸಾರು ಸಪ್ಪೆಯಾಯಿತು, ಬಟ್ಟೆ ಅದಲುಬದಲಾಯಿತು ಎಂದು ಎಬ್ಬಿಸಿಕೊಂಡು ಬರಬೇಡಿ, ಕೂತು ಸರಿಪಡಿಸಿಕೊಳ್ಳಿ. ಆದರೆ ಕೈಕಾಲು ಕಟ್ಟಿದ ಗುರುತು, ಮುಚ್ಚಿಟ್ಟ ಹುಣ್ಣು, ಕಾರಣ ಹೇಳದ ಮೂಗೇಟು, “ಹೇಳದೆ ಬರಬೇಡಿ” ಎಂಬ ಹೊಸ ನಿಯಮ, ಈ ನಾಲ್ಕರಲ್ಲಿ ಒಂದು ಕಂಡರೂ ತಿಂಗಳು ತುಂಬಲೆಂದು ಕಾಯದೆ ಕರೆದುಕೊಂಡು ಬನ್ನಿ. ಮುಂಗಡದ ಜಗಳವನ್ನು ಆಮೇಲೆ ಆಡಬಹುದು.