ಆಟದ ಮನೆಗೆ ಎಂಥ ನೆಲ?

ಮನೆ ಕಟ್ಟಿಸುವ ಗೃಹಸ್ಥನು ನೆಲದ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಗುಣಗಳನ್ನು ನೋಡುವನು. ಅದು ತಂಪಾಗಿರಬೇಕು, ನುಣುಪಾಗಿರಬೇಕು, ನೀರು ಹಾಕಿ ತೊಳೆದರೂ ಕೆಡದಂತಿರಬೇಕು. ಕಡಪದ ಕಲ್ಲು, ಶಹಾಬಾದಿನ ಕಲ್ಲು, ಗ್ರಾನೈಟು ಇವೆಲ್ಲವೂ ಈ ಪರೀಕ್ಷೆಯಲ್ಲಿ ಗೆದ್ದವುಗಳೇ. ಆದರೆ ಊರಿನ ಶಾಲೆಯೋ ಸಂಘವೋ ಮಕ್ಕಳಿಗಾಗಿ ಒಳಾಂಗಣ ಕ್ರೀಡಾಭವನವನ್ನು ಕಟ್ಟಿಸಲು ಹೊರಟಾಗ ಇದೇ ಅಳತೆಗೋಲನ್ನು ಅಲ್ಲಿಗೂ ಕೊಂಡೊಯ್ದರೆ ಅನರ್ಥವಾಗುವುದು. ಕಲ್ಲಿನ ಮೇಲೆ ನಡೆಯುವುದು ಬೇರೆ, ನೆಗೆಯುವುದು ಬೇರೆ. ಇಂಥ ಭವನಗಳ ಆಡಳಿತ ಸಮಿತಿಯಲ್ಲಿ ಕುಳಿತುಕೊಳ್ಳುವವರೂ ಚಂದಾ ಕೊಡುವವರೂ ಗೃಹಸ್ಥರೇ. ಅಲ್ಲಿ ಓಡಿ ಬೀಳುವವರು ಅವರ ಮಕ್ಕಳೇ. ಆದುದರಿಂದ ಈ ವಿಷಯವನ್ನು ಗುತ್ತಿಗೆದಾರನ ಇಷ್ಟಕ್ಕೆ ಬಿಡದೆ ನಾವೇ ಸ್ವಲ್ಪ ಅರಿತಿರುವುದು ಒಳ್ಳೆಯದು.

ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಾಲು ಬಲ ಬೀಳುವುದು. ನೆಗೆದು ಇಳಿಯುವಾಗ ಅದಕ್ಕಿಂತಲೂ ಹೆಚ್ಚು. ನೆಲವು ಈ ಪೆಟ್ಟಿನಲ್ಲಿ ಒಂದು ಪಾಲನ್ನು ತಾನು ನುಂಗಿಕೊಳ್ಳಬೇಕು. ಇಲ್ಲವಾದರೆ ಅದೆಲ್ಲವೂ ಹಿಮ್ಮಡಿ, ಮೊಣಕಾಲು, ಸೊಂಟಗಳಿಗೆ ಸಲ್ಲುವುದು. ಇದನ್ನು ಕಣ್ಣಂದಾಜಿನಿಂದ ತಿಳಿಯಬೇಕಾಗಿಲ್ಲ. ಯೂರೋಪಿನ ದೇಶಗಳು 2006ರಲ್ಲಿ ಒಳಾಂಗಣ ಆಟದ ನೆಲಗಳಿಗಾಗಿ ಇಎನ್ 14904 ಎಂಬ ಮಾನಕವನ್ನು ಪ್ರಕಟಿಸಿದುವು. ಇದರ ಪರೀಕ್ಷೆಯಲ್ಲಿ 20 ಕಿಲೋಗ್ರಾಂ ತೂಕವನ್ನು 55 ಮಿಲಿಮೀಟರು ಎತ್ತರದಿಂದ ಬೀಳಿಸಿ, ಬರಿಯ ಕಾಂಕ್ರೀಟಿನ ಮೇಲೆ ಬೀಳುವ ಪೆಟ್ಟಿಗಿಂತ ಈ ನೆಲದ ಪೆಟ್ಟು ಎಷ್ಟು ಕಡಮೆ ಎಂದು ನೋಡುವರು. ಕನಿಷ್ಠಪಕ್ಷ ಶೇಕಡಾ 25ರಷ್ಟಾದರೂ ಕಡಮೆಯಾಗಬೇಕು, 75ನ್ನು ಮೀರಬಾರದು. ಮೀರಿದರೆ ಹಾಸಿಗೆಯ ಮೇಲೆ ಓಡಿದಂತಾಗಿ ಕಾಲು ಬೇಗನೆ ದಣಿಯುವುದು. ಅದೇ ಕಾರಣದಿಂದ ನೆಲವು 5 ಮಿಲಿಮೀಟರಿಗಿಂತ ಹೆಚ್ಚು ತಗ್ಗಲೂ ಬಾರದು. ಕಾಂಕ್ರೀಟಿನ ಮೇಲೆ ಪುಟಿಯುವ ಚೆಂಡಿನ ಎತ್ತರದಲ್ಲಿ ಶೇಕಡಾ 90ರಷ್ಟಾದರೂ ಇಲ್ಲಿಯೂ ಪುಟಿಯಬೇಕು.

ಮೆತುವಿನಷ್ಟೇ ಮುಖ್ಯವಾದುದು ಹಿಡಿತ. ಜಾರುವ ನೆಲ ಅಪಾಯಕರವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಿಡಿತ ಅತಿಯಾದರೂ ಅಪಾಯವೇ ಎಂಬುದನ್ನು ಅನೇಕರು ಅರಿಯರು. ಓಡುತ್ತಿರುವವಳು ಥಟ್ಟನೆ ತಿರುಗಿದಾಗ ಪಾದವು ನೆಲಕ್ಕೆ ಕಚ್ಚಿಕೊಂಡು ನಿಂತರೆ, ತಿರುಗುವ ದೇಹದ ಭಾರವೆಲ್ಲ ಮೊಣಕಾಲಿನ ಮೇಲೆ ಬಿದ್ದು ಒಳಗಿನ ಅಸ್ಥಿರಜ್ಜು ಹರಿಯಬಹುದು. ನಾರ್ವೆ ದೇಶದ ಹ್ಯಾಂಡ್‌ಬಾಲ್ ಆಟಗಾರರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಡಿತ ಹೆಚ್ಚಾಗಿರುವ ಕೃತಕ ನೆಲಗಳ ಮೇಲೆ ಆಡಿದ ಹೆಂಗಸರಿಗೆ ಈ ಗಾಯವು ಮರದ ನೆಲದ ಮೇಲಿನದಕ್ಕಿಂತ ಎರಡು ಪಾಲಿಗೂ ಮೇಲ್ಪಟ್ಟು ಸಂಭವಿಸಿದುದು ಕಂಡುಬಂದಿತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೆಣ್ಣುಮಕ್ಕಳನ್ನು ಆಟಕ್ಕೆ ಕಳುಹಿಸುವ ತಾಯಿತಂದೆಗಳು ಇದನ್ನು ನೆನಪಿನಲ್ಲಿಡತಕ್ಕದ್ದು. ಮೇಲೆ ಹೇಳಿದ ಮಾನಕದಲ್ಲಿ ಹಿಡಿತದ ಅಳತೆ 80ರಿಂದ 110ರೊಳಗಿರಬೇಕೆಂದಿದೆ. ಎರಡು ತುದಿಗಳಿಗೂ ಎಲ್ಲೆಯನ್ನಿಟ್ಟಿರುವುದು ಇದಕ್ಕಾಗಿಯೇ.

ಈಗ ದೊರೆಯುವ ನೆಲಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮರದ ನೆಲ. ಮೇಪಲ್ ಮೊದಲಾದ ಗಟ್ಟಿ ಮರದ ಹಲಗೆಗಳನ್ನು ಮರದ ಪಟ್ಟಿಗಳ ಮೇಲೂ ರಬ್ಬರಿನ ತುಂಡುಗಳ ಮೇಲೂ ಕೂರಿಸಿರುವುದರಿಂದ, ಒಂದೆಡೆ ಕಾಲಿಟ್ಟರೆ ಸುತ್ತಲಿನ ಅಗಲವಾದ ಭಾಗವೂ ಕೂಡಿ ಬಾಗುವುದು. ಎರಡನೆಯದು ವಿನೈಲ್, ರಬ್ಬರು ಅಥವಾ ಎರಕ ಹೊಯ್ದ ಪಾಲಿಯುರಿಥೇನ್ ನೆಲ. ಇದು ಪಾದದ ಕೆಳಗಿನಷ್ಟೇ ಜಾಗದಲ್ಲಿ ತಗ್ಗುವುದು. ಬೆಳೆದ ಆಟಗಾರರಿಗೆ ಮರದ ನೆಲ ಬಹಳ ಹಿತಕರ. ಆದರೆ ಏಳೆಂಟು ವರ್ಷದ ಮಗುವಿನ ತೂಕವು ಅಗಲವಾದ ಹಲಗೆಯ ನೆಲವನ್ನು ಬಾಗಿಸಲು ಸಾಲದು. ಅಂಥವರಿಗೆ ಎರಡನೆಯ ಬಗೆಯೇ ಲೇಸು. ಮರದ ಕಟ್ಟಿನ ಮೇಲೆ ಮೆತುವಾದ ಹೊದಿಕೆಯನ್ನು ಸೇರಿಸಿ ಎರಡರ ಗುಣಗಳನ್ನೂ ಕೂಡಿಸುವ ನೆಲಗಳೂ ಉಂಟು.

ನಮ್ಮ ನಾಡಿನಲ್ಲಿ ಹವೆಯನ್ನು ಗಮನಿಸದೆ ಆಯ್ಕೆ ಮಾಡುವಂತಿಲ್ಲ. ಮರವು ತೇವವನ್ನು ಹೀರಿ ಹಿಗ್ಗುವುದು, ಒಣಗಿ ಕುಗ್ಗುವುದು. ಮೇಪಲ್ ನೆಲವನ್ನು ತಯಾರಿಸುವವರು ಭವನದೊಳಗಿನ ಗಾಳಿಯ ತೇವವು ಶೇಕಡಾ 35ರಿಂದ 50ರೊಳಗೆ ಇರಬೇಕೆನ್ನುವರು. ಮಂಗಳೂರು, ಕಾರವಾರದ ಕಡೆಗಳಲ್ಲಿ ಮಳೆಗಾಲದಲ್ಲಿ ಅದು 80ನ್ನು ದಾಟುವುದು. ಅಲ್ಲಿ ಗಾಳಿಯನ್ನು ಒಣಗಿಸುವ ಯಂತ್ರವನ್ನು ಪ್ರತಿದಿನವೂ ನಡೆಯಿಸುವ ಶಕ್ತಿಯಿಲ್ಲದ ಸಂಸ್ಥೆಗಳು ಮರದ ಆಸೆಯನ್ನು ಬಿಡುವುದೇ ವಿವೇಕ. ಒಣ ಹವೆಯ ಊರುಗಳಲ್ಲಿ ಹಾಕಿಸಿದರೂ ಕಾಂಕ್ರೀಟು ಪೂರ್ತಿಯಾಗಿ ಒಣಗುವವರೆಗೆ ಕಾಯಬೇಕು. ಅದರ ಮೇಲೆ ತೇವ ತಡೆಯುವ ಹಾಳೆಯನ್ನು ಹಾಸಬೇಕು. ಗೋಡೆಗಳ ಬದಿಗೆ ಸುಮಾರು ಎರಡು ಅಂಗುಲ ಬಿಡುವನ್ನು ಬಿಡಬೇಕು. ಗೆದ್ದಲಿಗೆ ಮದ್ದು ಮಾಡಿಸಬೇಕು. ನೀರು ಸುರಿದು ಒರೆಸುವ ನಮ್ಮ ರೂಢಿಯನ್ನಂತೂ ಅಲ್ಲಿ ಮರೆತೇಬಿಡಬೇಕು.

ಬಹೂದ್ದೇಶದ ಭವನದಲ್ಲಿ ಇನ್ನೊಂದು ತೊಡಕುಂಟು. ಬಾಸ್ಕೆಟ್‌ಬಾಲಿನ ಅಂಕಣ 28 ಮೀಟರು ಉದ್ದ, 15 ಮೀಟರು ಅಗಲ, ವಾಲಿಬಾಲಿನದು 18ಕ್ಕೆ 9, ಬ್ಯಾಡ್ಮಿಂಟನಿನದು 13.40ಕ್ಕೆ 6.10, ಗಂಡಸರ ಕಬಡ್ಡಿಯದು 13ಕ್ಕೆ 10. ಇವೆಲ್ಲದರ ಗೆರೆಗಳನ್ನೂ ಒಂದೇ ನೆಲದ ಮೇಲೆ ಬಣ್ಣಬಣ್ಣವಾಗಿ ಎಳೆದರೆ ಆಡುವವನ ಕಣ್ಣು ಕೆಡುವುದು. ಹೆಚ್ಚಾಗಿ ನಡೆಯುವ ಒಂದೆರಡು ಆಟಗಳಿಗೆ ಮಾತ್ರ ಗೆರೆಗಳನ್ನಿಟ್ಟು, ಉಳಿದವುಗಳಿಗೆ ಸುರುಳಿ ಬಿಚ್ಚಿ ಹಾಸುವ ಅಥವಾ ಜೋಡಿಸುವ ಚಾಪೆಗಳನ್ನು ಇಟ್ಟುಕೊಳ್ಳುವುದು ಸರಳವಾದ ಮಾರ್ಗ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2014ರಲ್ಲಿ ಚಾಪೆಗಳ ಮೇಲೆ ಪ್ರೊ ಕಬಡ್ಡಿಯ ಪಂದ್ಯಗಳು ನಡೆದುವು. 2017ರಲ್ಲಿ ಅಲ್ಲಿಯೇ ಏಷ್ಯದ ಮಹಿಳೆಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯೂ ನಡೆಯಿತು. ಒಂದು ಛಾವಣಿಯು ಹಲವು ಆಟಗಳಿಗೆ ಒದಗುವುದು ಹೀಗೆ.

ಆಟವಲ್ಲದ ಉಪಯೋಗಗಳನ್ನೂ ಮರೆಯಲಾಗದು. ಊರಿನ ದೊಡ್ಡ ಭವನವೆಂದ ಮೇಲೆ ಸಭೆ, ಪರೀಕ್ಷೆ, ಒಮ್ಮೊಮ್ಮೆ ಮದುವೆಯ ಊಟ ಕೂಡ ಅಲ್ಲಿಯೇ ಆಗುವುದುಂಟು. ಕಬ್ಬಿಣದ ಕುರ್ಚಿಯ ಕಾಲು, ಎಳೆದಾಡುವ ಮೇಜು, ಚೆಲ್ಲಿದ ಸಾರು ಇವು ಆಟಗಾರರಿಗಿಂತ ಹೆಚ್ಚಾಗಿ ನೆಲವನ್ನು ಕೆಡಿಸುವುವು. ಅಂಥ ದಿನಗಳಿಗಾಗಿ ದಪ್ಪನೆಯ ಹೊದಿಕೆಯೊಂದನ್ನು ಮೊದಲೇ ಕೊಳ್ಳದಿದ್ದರೆ ಸಮಿತಿಯವರು ಆಮೇಲೆ ಪಶ್ಚಾತ್ತಾಪ ಪಡುವರು. ಮರದ ನೆಲವನ್ನು ಉಜ್ಜಿ ಹೊಸ ಲೇಪ ಕೊಟ್ಟು ಹಲವಾರು ದಶಕಗಳವರೆಗೆ ಬಾಳಿಸಬಹುದು; ವಿನೈಲ್ ಸವೆದರೆ ಕಿತ್ತು ಹೊಸತು ಹಾಕಬೇಕು. ಆದುದರಿಂದ ಮೊದಲ ದಿನದ ಬೆಲೆಯನ್ನಷ್ಟೇ ಹೋಲಿಸದೆ ಇಪ್ಪತ್ತು ವರ್ಷದ ಖರ್ಚನ್ನು ಲೆಕ್ಕ ಹಾಕಿ ನೋಡತಕ್ಕದ್ದು.

ಸಮಿತಿಯವರು ಮಾರುವವನಿಗೆ ಹಾಕಬೇಕಾದ ಪ್ರಶ್ನೆಗಳು ನಾಲ್ಕೇ. ಪೆಟ್ಟು ಎಷ್ಟು ಪಾಲು ಕಡಮೆಯಾಗುವುದು? ಹಿಡಿತದ ಅಳತೆ ಎಷ್ಟು? ನಮ್ಮ ಊರಿನ ತೇವವನ್ನು ತಡೆಯುವುದೇ? ಕೆಟ್ಟರೆ ಸರಿಪಡಿಸುವವರು ಯಾರು? ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಪರೀಕ್ಷೆಯ ಪತ್ರದಲ್ಲಿ ಬರಲಿ. ಹಣ ಸಾಲದಿದ್ದರೆ ಗೋಡೆಯ ಅಲಂಕಾರವನ್ನೂ ಮುಂಬಾಗಿಲಿನ ಕಮಾನನ್ನೂ ಕಡಮೆ ಮಾಡಬಹುದು. ಸುಣ್ಣವನ್ನು ಬರುವ ವರ್ಷ ಬಳಿಯಿಸಬಹುದು. ಎಳೆಯ ವಯಸ್ಸಿನಲ್ಲಿ ಕೆಟ್ಟ ಮೊಣಕಾಲನ್ನು ಮೊದಲಿನಂತೆ ಮಾಡುವುದು ಅಷ್ಟು ಸುಲಭವಲ್ಲ.