ಕಳ್ಳಿಪೀರದ ಜಾಣ್ಮೆ

ವಿದ್ಯುತ್ ತಂತಿಯಿಂದ ಥಟ್ಟನೆ ಹಾರಿ, ಗಾಳಿಯಲ್ಲೇ ಕೀಟವೊಂದನ್ನು ಹಿಡಿದು, ಮತ್ತೆ ಅದೇ ತಂತಿಗೆ ಮರಳುವ ಹಸಿರು ಹಕ್ಕಿಯನ್ನು ನಾವು ಮುಂಬಯಿ, ಪುಣೆಗಳ ಹೊರವಲಯದಲ್ಲಿ ಕಾಣುತ್ತೇವೆ. ಕನ್ನಡದಲ್ಲಿ ಇದು ಕಳ್ಳಿಪೀರ. ಗುಬ್ಬಚ್ಚಿಯಷ್ಟೇ ಗಾತ್ರ, ಹೊಂಬಣ್ಣದ ನೆತ್ತಿ, ಕೊರಳಿಗೆ ಕರಿಯ ನೂಲು, ಬಾಲದ ನಡುವಿನಿಂದ ಹೊರಚಾಚಿದ ಎರಡು ಸೂಜಿಗರಿಗಳು.

ಜೇನುನೊಣ, ಕಣಜಗಳು ಇದರ ಮುಖ್ಯ ಆಹಾರ. ಹಿಡಿದುದನ್ನು ಕೂಡಲೇ ನುಂಗದೆ, ಕೊಂಬೆಗೆ ಬಡಿದು, ಉಜ್ಜಿ, ವಿಷದ ಮುಳ್ಳನ್ನು ಕಳೆದ ಬಳಿಕವೇ ತಿನ್ನುತ್ತದೆ. ಜೇನು ಸಾಕುವವರು ಇದರ ಮೇಲೆ ಮುನಿಸಿಕೊಂಡರೆ ಆಶ್ಚರ್ಯವಿಲ್ಲ.

ನಮಗೆ ಹೆಚ್ಚು ಸೋಜಿಗವೆನಿಸುವುದು ಇದರ ಗೂಡು. ಫೆಬ್ರವರಿಯಿಂದ ಜೂನ್‌ವರೆಗಿನ ಅವಧಿಯಲ್ಲಿ ಗಂಡು ಹೆಣ್ಣುಗಳೆರಡೂ ಸೇರಿ ಮಣ್ಣಿನ ದಿಬ್ಬದಲ್ಲಿ ಉದ್ದನೆಯ ಸುರಂಗ ಕೊರೆಯುತ್ತವೆ. ಅದರ ತುದಿಯಲ್ಲಿ, ಬರಿಯ ಮಣ್ಣಿನ ಮೇಲೆಯೇ, ದುಂಡನೆಯ ಬಿಳಿ ಮೊಟ್ಟೆಗಳು. ಪುಣೆಯ ವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಈ ಹಕ್ಕಿಗಳನ್ನು ಪರೀಕ್ಷಿಸಿ 2002ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಗೂಡು ಕಾಣುವ ಜಾಗದಲ್ಲಿ ಮನುಷ್ಯ ನಿಂತಿದ್ದರೆ ಹಕ್ಕಿ ಒಳಹೋಗಲು ಹಿಂಜರಿಯುತ್ತದೆ. ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಆದರೆ ಗೂಡು ಕಾಣದ ಮರೆಯಲ್ಲಿ ನಿಂತಿದ್ದರೆ ಅಷ್ಟಾಗಿ ಅಳುಕುವುದಿಲ್ಲ. ಅಂದರೆ ಎದುರಾಳಿಯ ಕಣ್ಣಿಗೆ ಏನು ಬೀಳುತ್ತಿದೆ ಎಂಬುದನ್ನೂ ಇದು ಗಮನಿಸುತ್ತದೆ!

ಇಂತಹ ಜಾಣ ಹಕ್ಕಿಗೂ ಮಣ್ಣು ಅಗೆಯುವ ಯಂತ್ರದ ಮುಂದೆ ಉಪಾಯವಿಲ್ಲ. ಬೇಸಿಗೆಯಲ್ಲಿ ದಿಬ್ಬ ಕಡಿದರೆ ಸುರಂಗದೊಳಗಿನ ಮೊಟ್ಟೆ ಮರಿಗಳೂ ಮಣ್ಣುಪಾಲು. ಊರಂಚಿನಲ್ಲಿ ಬಡಾವಣೆಗೆಂದು ನೆಲ ಸಮಗೊಳಿಸುವವರು ಮಳೆಗಾಲ ಹಿಡಿಯುವವರೆಗೆ ಕಾದರೆ, ಅಷ್ಟರಲ್ಲಿ ಹೆಚ್ಚಿನ ಮರಿಗಳು ಹಾರಿಹೋಗಿರುತ್ತವೆ.